ಕೇಳಿಸಿದ್ದಷ್ಟೇ ಬರೆದವರು

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬಂದದ್ದು ರಾಳದ ವಾಸನೆ. ಬೆಸುಗೆ ಹಾಕುವಾಗ ಕಾದ ತುದಿಗೆ ರಾಳ ತಾಗಿ ಏಳುತ್ತದಲ್ಲ, ಆ ಹೊಗೆಯ ವಾಸನೆ. ಇಷ್ಟು ವರ್ಷ ತಗಡಿನ ಡಬ್ಬಿಯೊಳಗೆ ಅದು ಹೇಗೆ ಉಳಿದಿತ್ತೋ ಗೊತ್ತಿಲ್ಲ. ಸಿದ್ದಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು ನಾನು. ಯಾರಾದರೂ ಕೇಳಿದರೆ ಏನೋ ಒಂದು ವಿವರಣೆ ಕೊಟ್ಟೇನು. ಅವತ್ತು ಮಾತ್ರ ಮುಚ್ಚಳವನ್ನು ಮೂಗಿನ ಹತ್ತಿರ ಹಿಡಿದು ಇನ್ನೊಮ್ಮೆ ಮೂಸಿದೆ.

ಡಬ್ಬಿ ತಂದುಕೊಟ್ಟವನು ಯಲ್ಲಾಪುರದ ರೇಡಿಯೋ ಸಾಹೇಬರ ಮಗ. ಅವನದು ಲಾರಿ ವ್ಯವಹಾರ. ಸಾಗರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದಿದ್ದ. "ರಸ್ತೆ ಅಗಲ ಮಾಡ್ತಾರೆ, ಅಂಗಡಿ ಕೋಣೆ ಹೋಗ್ತದೆ. ಅಟ್ಟ ಖಾಲಿ ಮಾಡುವಾಗ ಇದು ಸಿಕ್ತು" ಅಂದ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ದಪ್ಪಗೆ 'ಹುಡುಗಿಗೆ' ಎಂದು ಬರೆದಿತ್ತು. "ಹುಡುಗಿ ಅಂದ್ರೆ ನೀವೇ ಅಂತ ಅಮ್ಮಿ ಹೇಳಿದ್ರು" ಎಂದು ಸೇರಿಸಿದ. ನಲವತ್ತು ದಾಟಿದ ನನ್ನನ್ನು ಒಮ್ಮೆ ನೋಡಿ, ಅವನೇ ಸ್ವಲ್ಪ ನಕ್ಕ. ಚಹಾ ಕುಡಿದು ಹೋದ.

ಒಳಗೆ ಕಾರ್ಡುಗಳಿದ್ದವು, ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡ ಕಟ್ಟುಗಳು. ಅವುಗಳ ಕೆಳಗೆ ರಟ್ಟಿನ ಹೊದಿಕೆಯ ಏಳು ನೋಟ್‌ಬುಕ್ಕುಗಳು. ಕಾರ್ಡುಗಳನ್ನು ಅವತ್ತೇ ನೋಡಿದೆ. ನೋಟ್‌ಬುಕ್ ತೆರೆಯಲು ಮೂರು ದಿನ ತೆಗೆದುಕೊಂಡೆ.

ಸಾಹೇಬರ ಪರಿಚಯವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅಪ್ಪ ಅರಣ್ಯ ಇಲಾಖೆಯ ಗುಮಾಸ್ತ; ವರ್ಗವಾಗಿ ಯಲ್ಲಾಪುರಕ್ಕೆ ಬಂದಾಗ ನಾನು ಏಳನೇ ತರಗತಿ. ಹೆದ್ದಾರಿಯ ಅಂಚಿಗೇ ಒಂದು ಬಾಡಿಗೆ ಮನೆ ಸಿಕ್ಕಿತ್ತು. ಪಕ್ಕದ ಮನೆಯ ಮುಂದಿನ ಕೋಣೆಯೇ ಸಾಹೇಬರ ರಿಪೇರಿ ಅಂಗಡಿ. ನಮ್ಮ ಹಿತ್ತಲಿನ ಹಲಸಿನ ಮರದಿಂದ ಅವರ ಮಾಡಿಗೆ ಒಂದು ತಾಮ್ರದ ತಂತಿ ಎಳೆದಿತ್ತು. ಬಂದ ಎರಡನೇ ದಿನವೇ ಅಮ್ಮ ಅದರ ಮೇಲೆ ಸೀರೆ ಒಣಗಹಾಕಿದಳು. ಅರ್ಧ ತಾಸಿನಲ್ಲಿ, ಬಿಳಿ ಗಡ್ಡದ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ಒಬ್ಬರು ಬೇಲಿಯ ಆಚೆ ಬಂದು ನಿಂತರು.

"ತಾಯೀ, ಬಟ್ಟೆಗೆ ನಾನು ಬೇರೆ ಹಗ್ಗ ಕಟ್ಟಿಕೊಡ್ತೇನೆ. ಇದು ಆಂಟೆನಾ. ನಿಮ್ಮ ಸೀರೆ ಬಿದ್ಮೇಲೆ ಇಡೀ ಆಫ್ರಿಕಾ ಬರೋದು ಬಂದಾಗಿದೆ."

ಹೇಳಿದಂತೆ ಸಂಜೆಯೊಳಗೆ ನೈಲಾನ್ ಹಗ್ಗ ತಂದು ಅವರೇ ಕಟ್ಟಿಕೊಟ್ಟರು. ಅಮ್ಮ ಅಡುಗೆಮನೆಯಲ್ಲಿ "ಯನ್ನ ಸೀರೆಗೂ ಆಫ್ರಿಕಕ್ಕೂ ಎಂತ ಸಂಬಂಧ" ಎಂದು ನಗುತ್ತಿದ್ದಳು. ಸಂಬಂಧ ಏನೆಂದು ನೋಡಿಬರಲು ನಾನು ಮರುದಿನ ಅಂಗಡಿಗೆ ಹೋದೆ. ಹೋದವಳು ಐದು ವರ್ಷ ಹೋದೆ.

ಅಂಗಡಿಯಲ್ಲಿ ಎರಡು ಗೋಡೆ ಗಡಿಯಾರಗಳಿದ್ದವು. ಒಂದು ಸರಿಯಾದ ಹೊತ್ತು ತೋರಿಸುತ್ತಿತ್ತು, ಇನ್ನೊಂದು ಐದೂವರೆ ತಾಸು ಹಿಂದೆ. ಮುಂಡಗೋಡ ಕಡೆಯಿಂದ ಮಿಕ್ಸರ್ ರಿಪೇರಿಗೆ ತಂದವರು "ಸಾಹೇಬ್ರ, ಗಡಿಯಾರ ಕೆಟ್ಟೈತಲ್ರಿ" ಎನ್ನುತ್ತಿದ್ದರು. "ಕೆಟ್ಟಿಲ್ಲ, ಅದು ಬ್ಯಾರೆ ಊರಿಂದು" ಎಂದು ತಲೆಯೆತ್ತದೆ ಉತ್ತರ ಕೊಡುತ್ತಿದ್ದರು. ಜಗತ್ತಿನ ಎಲ್ಲ ಕಿರುತರಂಗ ರೇಡಿಯೋ ಕೇಂದ್ರಗಳಿಗೂ ಹೊತ್ತಿನ ಲೆಕ್ಕ ಒಂದೇ; ಆ ಹೊತ್ತನ್ನು ತೋರಿಸುವ ಗಡಿಯಾರ ಅದು. ಭೂಮಿ ದುಂಡಗಿದೆ ಎಂದು ಶಾಲೆಯಲ್ಲಿ ಓದಿದ್ದೆ. ನಮಗೆ ಸಂಜೆಯಾದಾಗ ಇನ್ನೊಬ್ಬರಿಗೆ ಮಧ್ಯಾಹ್ನ ಎಂಬುದು ನಿಜವಾಗಿ ತಲೆಗೆ ಹೊಕ್ಕದ್ದು ಆ ಗಡಿಯಾರದ ಕೆಳಗೆ.

ಗೋಡೆಯ ಮೇಲೆ ಜಗತ್ತಿನ ನಕ್ಷೆ, ಅದರ ಸುತ್ತ ಬಣ್ಣಬಣ್ಣದ ಕಾರ್ಡುಗಳು. ದೂರದ ಒಂದು ಕೇಂದ್ರವನ್ನು ಕೇಳಿದವರು, ಯಾವ ದಿನ, ಯಾವ ಹೊತ್ತಿಗೆ, ಎಷ್ಟು ನಿಮಿಷ, ಏನೇನು ಕೇಳಿಸಿತು ಎಂದು ಬರೆದು ಕಳಿಸಬೇಕು. ಕೇಂದ್ರದವರು ತಮ್ಮ ದಾಖಲೆಯೊಂದಿಗೆ ಹೋಲಿಸಿ ನೋಡಿ, ಸರಿಯಿದ್ದರೆ ಅಂಚೆಯಲ್ಲಿ ಒಂದು ಕಾರ್ಡು ಕಳಿಸುತ್ತಾರೆ. ಹೌದು, ನೀವು ಇಂಥ ದಿನ ಇಂಥ ಹೊತ್ತಿಗೆ ಕೇಳಿದ್ದು ನಮ್ಮನ್ನೇ, ಎಂದು ಅದರಲ್ಲಿ ಬರೆದಿರುತ್ತದೆ. ಲೋಕದ ತುಂಬ ಇಂಥ ಹುಚ್ಚಿನವರಿದ್ದರು. ಯಲ್ಲಾಪುರದಲ್ಲಿ ಒಬ್ಬರೇ ಇದ್ದರು. ಆಮೇಲೆ ಇಬ್ಬರಾದೆವು.

ನನ್ನನ್ನು ಅವರು ಇಟ್ಟುಕೊಂಡದ್ದು ನನ್ನ ಇಂಗ್ಲಿಷ್ ಕೈಬರಹಕ್ಕೆ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ ಏಳನೆಯವರೆಗೆ. ಎಲ್ಲಿಂದಲೋ ನಕಲು ಮಾಡಿಕೊಂಡ ಒಂದು ಇಂಗ್ಲಿಷ್ ಪತ್ರವನ್ನೇ ಇಪ್ಪತ್ತು ವರ್ಷದಿಂದ ಎಲ್ಲ ಕೇಂದ್ರಗಳಿಗೂ ತಿದ್ದಿ ತಿದ್ದಿ ಕಳಿಸುತ್ತಿದ್ದರು. ನಾನು ಬಂದ ಮೇಲೆ ಅವರು ಕನ್ನಡದಲ್ಲಿ ಹೇಳುವುದು, ನಾನು ನಿಘಂಟು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆಯುವುದು ಎಂದಾಯಿತು. ಅಪ್ಪನಿಗೆ ತಕರಾರಿರಲಿಲ್ಲ. ಅಂಗಡಿಯ ಬಾಗಿಲು ರಸ್ತೆಗೆ ತೆರೆದೇ ಇರುತ್ತಿತ್ತು, ಒಳಗಿನಿಂದ ಅವರ ಹೆಂಡತಿ, ನಾನು ಚಾಚಿ ಎಂದು ಕರೆಯುತ್ತಿದ್ದವರು, ಆಗಾಗ ಬಂದು ನೋಡಿಹೋಗುತ್ತಿದ್ದರು, ನಮ್ಮ ಅಡುಗೆಮನೆಯ ಕಿಟಕಿಯಿಂದ ಅಮ್ಮನಿಗೆ ನನ್ನ ಜಡೆ ಕಾಣುತ್ತಿತ್ತು. ನನ್ನ ಇಂಗ್ಲಿಷ್ ಅಂಕ ಏರಿದ್ದನ್ನು ಕಂಡ ಮೇಲಂತೂ ಅಪ್ಪನೇ "ಇವತ್ತು ಪತ್ರ ಇಲ್ಯ?" ಎಂದು ಕೇಳುವಂತಾದ.

ಒಮ್ಮೆ ನಾನು ಒಂದು ಪತ್ರದಲ್ಲಿ, ನಿಮ್ಮ ಸಂಗೀತ ಬಹಳ ಇಂಪಾಗಿತ್ತು ಎಂದು ಸ್ವಂತ ಸೇರಿಸಿದ್ದೆ. ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳುವುದು ಅವರ ಪದ್ಧತಿ. ಆ ಸಾಲಿಗೆ ಬಂದಾಗ ಕೈ ಎತ್ತಿದರು.

"ಇಂಪು ಎಲ್ಲಿ ಕೇಳ್ಸಿತು? ಬರೀ ಡೋಲು ಕೇಳ್ಸಿದ್ದು, ಅದೂ ಅರ್ಧ. ಹೊಡೆದು ಹಾಕು."

"ಬರೆದ್ರೆ ಅವರಿಗೆ ಖುಷಿ ಆಗ್ತದೆ" ಅಂದೆ.

"ಅವರಿಗೆ ಬೇಕಾದ್ದು ಖುಷಿ ಅಲ್ಲ ಬೇಟಿ. ತಮ್ಮ ದನಿ ಎಲ್ಲಿವರೆಗೆ ಹೋಗಿ ಮುಟ್ಟಿತು ಅಂತ ಗೊತ್ತಾಗ್ಬೇಕು. ನಾವು ಸುಳ್ಳು ಬರೆದ್ರೆ ಅಲ್ಲಿ ಒಬ್ಬ ಇಂಜಿನಿಯರು ಆ ಸುಳ್ಳು ನಂಬ್ಕೊಂಡು ಕೆಲಸ ಮಾಡ್ತಾನೆ."

ಪುಟ ಹಾಳಾಯಿತೆಂದು ನನಗೆ ಸಿಟ್ಟು ಬಂದಿತ್ತು. ಪೂರ್ತಿ ಪತ್ರ ಮತ್ತೆ ಬರೆದೆ.

ಕೇಳಿಸಿದ ಗುಣಮಟ್ಟಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿಯಿತ್ತು. ಕಾರ್ಡಿನ ಆಸೆಗೆ ಹೆಚ್ಚಿನವರು ಐದು, ಐದು ಎಂದು ಧಾರಾಳವಾಗಿ ಹಂಚುತ್ತಿದ್ದರಂತೆ. ಸಾಹೇಬರ ಪತ್ರಗಳಲ್ಲಿ ಎರಡು, ಮೂರು ಇರುತ್ತಿದ್ದವು. ನಾಲ್ಕು ಕಂಡರೆ ಅವತ್ತು ಹಬ್ಬ. ಕರೆಂಟು ಹೋದರೆ ಊರೆಲ್ಲ ಶಪಿಸುತ್ತಿತ್ತು, ಇವರೊಬ್ಬರು ಮಾತ್ರ ಸೆಲ್ ಹಾಕಿದ ರೇಡಿಯೋವನ್ನು ಹತ್ತಿರ ಎಳೆದುಕೊಂಡು ಕೂರುತ್ತಿದ್ದರು. ಊರಿನ ಟ್ಯೂಬ್‌ಲೈಟು, ಮೋಟಾರುಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದಾಗ ಸಮುದ್ರದಾಚೆಯ ದನಿಗಳು ಎದ್ದು ಬರುತ್ತಿದ್ದವು. ನಾನು ಈಗಲೂ ಕರೆಂಟು ಹೋದಾಗ ಬೈಯುವುದಿಲ್ಲ. ಅದೊಂದು ಅಭ್ಯಾಸ ಉಳಿದುಕೊಂಡಿದೆ.

ಕೇಳಿಸಿದ್ದು, ಕೇಳಿಸದಿದ್ದದ್ದು ಎಲ್ಲವೂ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಸ್ಕೇಲಿಟ್ಟು ಗೆರೆ ಎಳೆದ ಕಾಲಂಗಳು: ದಿನ, ಹೊತ್ತು, ತರಂಗ, ಏನು ಕೇಳಿಸಿತು, ವರದಿ ಕಳಿಸಿದ್ದು. ಕೊನೆಯದು 'ಸಾಕ್ಷಿ'. ಈ ಕೊನೆಯ ಕಾಲಂ ಬೇರೆ ಯಾವ ಹವ್ಯಾಸಿಯೂ ಇಡುತ್ತಿರಲಿಲ್ಲವೆಂದು ಕಾಣುತ್ತದೆ, ಅದು ಅವರದೇ ಕಾನೂನು. ಆ ಹೊತ್ತಿಗೆ ಅಂಗಡಿಯಲ್ಲಿ ಯಾರು ಕೂತಿದ್ದರೋ ಅವರನ್ನೂ ಕೇಳಿಸಿಕೊಳ್ಳಲು ಹಚ್ಚಿ, ಅವರ ಹೆಸರು ಬರೆಯುತ್ತಿದ್ದರು. "ಒಂದೇ ಜೋಡಿ ಕಿವಿ ಆಸೆಬುರುಕ. ಇಲ್ಲದ್ದು ಕೇಳ್ತದೆ" ಎನ್ನುತ್ತಿದ್ದರು. ಹಾಗಾಗಿ ಎಷ್ಟೋ ಲಾರಿ ಡ್ರೈವರುಗಳು, ಹಾಲಿನವ, ಒಂದೆರಡು ಸಲ ನಮ್ಮ ಅಪ್ಪ, ತಮಗೇ ಅರ್ಥವಾಗದ ಭಾಷೆಗಳಿಗೆ ಸಾಕ್ಷಿಗಳಾಗಿ ಆ ನೋಟ್‌ಬುಕ್ಕಿನಲ್ಲಿ ಸೇರಿಹೋಗಿದ್ದಾರೆ. ನನ್ನ ಹೆಸರು ಬರೆಯುತ್ತಿರಲಿಲ್ಲ. ಸುಮ್ಮನೆ 'ಹುಡುಗಿ' ಎಂದು ಬರೆಯುತ್ತಿದ್ದರು.

ನಕ್ಷೆಯ ನಡುವೆ, ಪೆಸಿಫಿಕ್ ಸಾಗರದ ನೀಲಿಯಲ್ಲಿ, ಒಂದು ಖಾಲಿ ಮೊಳೆಯಿತ್ತು. ಅದು ಒಂದು ದ್ವೀಪದ ಕಾರ್ಡಿಗೆ ಕಾದಿಟ್ಟ ಜಾಗ. ನಕ್ಷೆಯಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲದ ಆ ದ್ವೀಪದ ಕೇಂದ್ರವನ್ನು ನಾನು ಅವರನ್ನು ಕಾಣುವ ಮೊದಲು, ಒಂದು ಚಳಿಗಾಲದ ಸಂಜೆ, ಅವರು ಕೇಳಿದ್ದರು. ಮರದ ಕೊರಡಿನ ಡೋಲು ಬಡಿಯುವ ಸದ್ದು, ಆಮೇಲೆ ಒಬ್ಬ ಹೆಂಗಸು ಕೇಂದ್ರದ ಹೆಸರು ಹೇಳಿದ್ದು, ಸ್ವಲ್ಪ ಹಾಡು. ಹನ್ನೊಂದು ನಿಮಿಷ. ಅಷ್ಟರಲ್ಲಿ ಪಕ್ಕದ ದೊಡ್ಡ ಕೇಂದ್ರವೊಂದು ಎದ್ದು ಅದನ್ನು ನುಂಗಿತ್ತು. ಮೂರು ಸಲ ವರದಿ ಕಳಿಸಿದರು, ಉತ್ತರ ಬರಲಿಲ್ಲ. ಹನ್ನೊಂದು ನಿಮಿಷದ ವಿವರ ಸಾಲಲಿಲ್ಲವೋ, ಪತ್ರ ಎಲ್ಲಿ ಕಳೆದುಹೋಯಿತೋ. ಇಪ್ಪತ್ತೈದು ನಿಮಿಷ ಎಂದು ಬರೆಯಬಹುದಿತ್ತು. ಅವರು ಬರೆಯಲಿಲ್ಲ.

ಅಂದಿನಿಂದ ಪ್ರತಿ ಚಳಿಗಾಲ, ಸಂಜೆಯ ಮಗ್ರಿಬ್ ನಮಾಜ್ ಮುಗಿಸಿ ಮಸೀದಿಯಿಂದ ಬಂದವರೇ ರೇಡಿಯೋದ ಮುಳ್ಳನ್ನು ದ್ವೀಪದ ತರಂಗಕ್ಕೆ ಇಟ್ಟು ಅರ್ಧ ತಾಸು ಕೂರುತ್ತಿದ್ದರು. ಆ ಹೊತ್ತಿಗೆ ದ್ವೀಪದ ಕತ್ತಲೂ ನಮ್ಮ ಊರಿನ ಮುಸ್ಸಂಜೆಯೂ ಸೇರಿ ದನಿಗೆ ದಾರಿ ತೆರೆಯುತ್ತದೆ, ಅದು ವರ್ಷದಲ್ಲಿ ಕೆಲವೇ ವಾರ. ನಾನೂ ಕೂತಿದ್ದೇನೆ, ಲೆಕ್ಕವಿಲ್ಲದಷ್ಟು ಸಂಜೆ. ಮಳೆ ಹುಯ್ದ ಹಾಗೆ ಸದ್ದು, ನಡುವೆ ಪೆಟ್ರೋಲ್ ಜೀಪು ಹೋದರೆ ಟರ್ ಟರ್... ಮತ್ತೇನೂ ಇಲ್ಲ. ಗಡಿಯಾರ ನೋಡಿ, ಅವರು 'ಕೇಳಿಸಲಿಲ್ಲ' ಎಂದು ಬರೆದು, ಸಾಕ್ಷಿ ಕಾಲಂನಲ್ಲಿ 'ಹುಡುಗಿ' ಎಂದು ಸೇರಿಸಿ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಬೇಜಾರೇನೂ ಕಾಣುತ್ತಿರಲಿಲ್ಲ. ಅಮ್ಮ ಮಾತ್ರ ಕಿಟಕಿಯಿಂದ ಕರೆದು ಕೇಳುತ್ತಿದ್ದಳು: "ಎಂತ ಕೇಳ್ತೇ ನಿಂಗೆ ಅದ್ರಲ್ಲಿ? ಯಂಗೆ ಎಂತದೂ ಕೇಳ್ತಿಲ್ಲೆ."

ಕಾಲೇಜಿಗೆಂದು ಸಿರ್ಸಿಗೆ ಹೋದೆ. ಹಾಸ್ಟೆಲ್ಲಿನಲ್ಲಿದ್ದೆ. ಅದೇ ವರ್ಷ ಪೇಟೆಯಲ್ಲಿ ಒಂದು ಸೈಬರ್ ಕೆಫೆ ಶುರುವಾಗಿತ್ತು, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ. ಪರದೆ ಕಟ್ಟಿದ ನಾಲ್ಕು ಗೂಡು. ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ ಕರವಸ್ತ್ರ ಇಟ್ಟು ಕಾಯುತ್ತಿದ್ದೆವು. ಗೆಳತಿಯರು ಚಾಟ್ ಮಾಡುತ್ತಿದ್ದರು, ಕೆನಡಾದಲ್ಲಿ ಯಾರೋ ಇದ್ದಾನೆ ಎಂದು ಒಬ್ಬಳು ಗುಟ್ಟು ಹೇಳುತ್ತಿದ್ದಳು. ನಾನು ಹುಡುಕಿದ್ದು ರೇಡಿಯೋ. ಸಾಹೇಬರಂಥವರು ಜಗತ್ತಿನ ತುಂಬ ಇದ್ದಾರೆಂದು ಗೊತ್ತಿದ್ದರೂ ಅವರೆಲ್ಲರ ನೋಟ್‌ಬುಕ್ಕುಗಳನ್ನು ಒಂದೇ ಕಡೆ ನೋಡಿದಾಗ ತಲೆ ತಿರುಗಿದ ಹಾಗಾಯಿತು. ಯಾರು ಎಲ್ಲಿ ಕೂತು ಯಾವತ್ತು ಏನು ಕೇಳಿದರು ಎಂಬ ಉದ್ದುದ್ದ ಪಟ್ಟಿಗಳು. ದೀಪಾವಳಿ ಕಳೆದು ಎರಡು ಮೂರು ವಾರವಾಗಿರಬೇಕು, ಅಂಥ ಒಂದು ಪಟ್ಟಿಯಲ್ಲಿ ದ್ವೀಪ ಕಂಡಿತು.

ಚಳಿ ದೇಶದ ಯಾರೋ ಒಬ್ಬ ಕೇಳಿದ್ದ. ಇಪ್ಪತ್ತೈದು ನಿಮಿಷ, ಪೂರ್ತಿ ವಿವರ: ಡೋಲು, ಹೆಂಗಸಿನ ದನಿ, ಮೀನುಗಾರರಿಗೆ ಗಾಳಿಯ ವರದಿ, ಚರ್ಚಿನ ಹಾಡು, ಯಾರೋ ತೀರಿಕೊಂಡ ಸುದ್ದಿ. ಕೆಳಗೆ ಒತ್ತಿದರೆ ಕೇಳಲು ಹತ್ತು ಸೆಕೆಂಡಿನ ಒಂದು ತುಣುಕೂ ಇತ್ತು. ಅದು ಇಳಿದು ಬರಲು ಹತ್ತು ನಿಮಿಷ ಹಿಡಿಯಿತು. ಹೆಡ್‌ಫೋನಿನಲ್ಲಿ ಡೋಲು ಬಡಿದ ಸದ್ದು ಬಂದಾಗ ಮತ್ತೊಮ್ಮೆ ಒತ್ತಿ ಕೇಳಿದೆ. ಸಾಹೇಬರು ಬಾಯಲ್ಲಿ ಮಾಡಿ ತೋರಿಸುತ್ತಿದ್ದದ್ದು ಹೆಚ್ಚುಕಡಿಮೆ ಹಾಗೇ ಇತ್ತು.

ಆಮೇಲೆ ಮಾಡಿದ್ದನ್ನು ಸುತ್ತಿ ಬಳಸದೆ ಹೇಳುತ್ತೇನೆ. ಪಟ್ಟಿಯಲ್ಲಿದ್ದ ದಿನ, ಹೊತ್ತು, ವಿವರ ಎಲ್ಲವನ್ನೂ ಹಾಗೇ ಇಳಿಸಿಕೊಂಡೆ. ಹಾಸ್ಟೆಲ್ಲಿನಲ್ಲಿ ಕೂತು ಚಂದದ ಅಕ್ಷರದಲ್ಲಿ ವರದಿ ಬರೆದೆ. ಅಂಕಗಳನ್ನು ಎರಡು, ಮೂರು ಎಂದೇ ಹಾಕಿದೆ, ಸಾಹೇಬರಿಂದ ಕಲಿತ ಪ್ರಾಮಾಣಿಕತೆಯನ್ನು ಸುಳ್ಳಿಗೆ ಒಗ್ಗರಣೆಯಾಗಿ ಹಾಕಿದೆ. ವಿಳಾಸ ಯಲ್ಲಾಪುರದ ಮನೆಯದು ಕೊಟ್ಟೆ. ಅವರ ಮೊಳೆಗೆ ಒಂದು ಕಾರ್ಡು ಸಿಗಲಿ, ಅವರಿಗಾಗಿಯೇ ಮಾಡಿದ್ದು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಹಾಗಿದ್ದರೆ ಅವರ ಹೆಸರಿನಲ್ಲಿ ಬರೆಯಬಹುದಿತ್ತು. ನಾನು ನನ್ನ ಹೆಸರು ಬರೆದೆ.

ನಾಲ್ಕು ತಿಂಗಳಿಗೆ ಕಾರ್ಡು ಬಂತು. ಬೇಸಿಗೆ ರಜೆ. ತೆಂಗಿನ ಮರ, ದೋಣಿ, ನೀಲಿ ನೀರು. ಹಿಂಬದಿಗೆ ನನ್ನ ಹೆಸರು, ದಿನ, ಹೊತ್ತು, ತರಂಗ, ಒಂದು ಸೀಲು. ಓಡಿಹೋಗಿ ಅವರ ಮುಂದೆ ಹಿಡಿದೆ. ಸಾಹೇಬರು ಕಾದ ಬೆಸುಗೆಯ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟು, ಕೈ ಲುಂಗಿಗೆ ಒರೆಸಿಕೊಂಡು, ಎರಡೂ ಕೈಯಲ್ಲಿ ಕಾರ್ಡು ತೆಗೆದುಕೊಂಡರು. ಚಾಚಿಯನ್ನು ಕೂಗಿ ಕರೆದರು. ಚಾಚಿ ಹಿಟ್ಟಿನ ಕೈಯಲ್ಲೇ ಬಂದು ನೋಡಿ, "ಆಯಿತಲ್ಲ, ಇನ್ನಾದ್ರೂ ಸಂಜೆ ಹೊತ್ತಿಗೆ ಚಹಾ ಬಿಸಿ ಇರುವಾಗ ಕುಡೀರಿ" ಎಂದು ನಕ್ಕು ಒಳಗೆ ಹೋದರು.

ಸಾಹೇಬರು ಕಾರ್ಡು ತಿರುಗಿಸಿ ಹಿಂಬದಿ ಓದಿದರು. ಆಮೇಲೆ ನೋಟ್‌ಬುಕ್ ತೆಗೆದು ಹಿಂದಿನ ಪುಟಗಳನ್ನು ಮಗುಚುತ್ತ ಹೋದರು. ಒಂದು ಕಡೆ ನಿಂತರು. ಕಾರ್ಡು ನೋಡಿದರು, ಪುಟ ನೋಡಿದರು. ಎಲ್ಲಿ ನಮೂದಿಸುವುದೆಂದು ಹುಡುಕುತ್ತಿದ್ದಾರೆ ಎಂದುಕೊಂಡೆ.

"ಎಲ್ಲಿ ಕೇಳ್ಸಿತು?"

"ಸಿರ್ಸಿಲಿ. ಹಾಸ್ಟೆಲ್ಲಿನ ಸಣ್ಣ ಸೆಟ್ಟಿನಲ್ಲಿ."

"ಡೋಲು ಕೇಳ್ಸಿತಾ?"

"ಹೂಂ" ಅಂದೆ. ಅದೊಂದು ನಿಜವಾಗಿತ್ತು, ಆ ಧೈರ್ಯದ ಮೇಲೆ ಹೇಳಿದೆ.

ಅವರು ನೋಟ್‌ಬುಕ್ ಮುಚ್ಚಿದರು. ಕಾರ್ಡನ್ನು ನನ್ನ ಕೈಗೆ ವಾಪಸು ಕೊಟ್ಟರು. "ಚೊಲೊ ಆತು. ನಿನ್ನ ಹೆಸರಿಗೆ ಬಂದದ್ದು, ನಿನ್ನ ಹತ್ರನೇ ಇರ್ಲಿ." ಅಷ್ಟು ಹೇಳಿ ಬೆಸುಗೆಯ ಕಡ್ಡಿ ಎತ್ತಿಕೊಂಡರು. ಮೊಳೆ ಖಾಲಿಯೇ ಉಳಿಯಿತು.

ಹೊಟ್ಟೆಕಿಚ್ಚು ಎಂದುಕೊಂಡೆ. ಇಪ್ಪತ್ತು ವರ್ಷ ಕಾದ ಮುದುಕನಿಗೆ ಸಿಗದ್ದು ನಿನ್ನೆ ಮೊನ್ನೆಯ ಹುಡುಗಿಗೆ ಸಿಕ್ಕಿತಲ್ಲ, ತಡೆಯಲಾಗಲಿಲ್ಲ ಎಂದು. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಆ ರಜೆಯಲ್ಲಿ ಅಂಗಡಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಅವರೇನೂ ಬದಲಾಗಲಿಲ್ಲ, ಕಂಡರೆ "ಹೆಂಗಿದ್ದಿ, ಬೇಟಿ" ಎಂದು ಕೇಳುತ್ತಿದ್ದರು, ಪತ್ರ ಬರೆಯಲು ಮಾತ್ರ ಕರೆಯಲಿಲ್ಲ. ಹಳೆಯ ಇಂಗ್ಲಿಷ್ ಪತ್ರವನ್ನೇ ಮತ್ತೆ ತಿದ್ದಿ ಕಳಿಸಲು ಶುರು ಮಾಡಿದ್ದಾರೆಂದು ಅಪ್ಪ ಹೇಳಿದ.

ಮುಂದೆ ಎಂ.ಎಸ್ಸಿಗೆ ಧಾರವಾಡಕ್ಕೆ ಹೋದೆ. ಅಷ್ಟರಲ್ಲಿ ನನಗೆ ಇ-ಮೇಲ್ ಇತ್ತು, ಬೇರೆ ಬೇರೆ ದೇಶದ ನಾಲ್ಕಾರು ಜನ ಪರಿಚಯವಾಗಿದ್ದರು. ಒಬ್ಬರು ಓದಲು ಪುಸ್ತಕಗಳ ಹೆಸರು ಕಳಿಸುತ್ತಿದ್ದರು, ಇನ್ನೊಬ್ಬರು ನನ್ನ ಲೆಕ್ಕಗಳ ತಪ್ಪು ತಿದ್ದುತ್ತಿದ್ದರು. ಆ ದಿನಗಳಲ್ಲಿ ನಾನು ಕಲಿತದ್ದರ ಅರ್ಧ ಪಾಲು ಅವರಿಂದ ಬಂದದ್ದು, ಅದನ್ನು ಅಲ್ಲಗಳೆಯಲಾರೆ. ಯಂತ್ರ ಕೆಟ್ಟದ್ದು, ಹಳೆಯದೇ ಒಳ್ಳೆಯದು ಎಂಬ ಮಾತು ನನ್ನದಲ್ಲ. ರೇಡಿಯೋ ಕೂಡ ಯಂತ್ರವೇ. ಸುಳ್ಳು ಬರೆದವಳು ನಾನು, ಕಂಪ್ಯೂಟರ್ ಅಲ್ಲ.

ಎರಡನೆಯ ವರ್ಷದ ಚಳಿಗಾಲದಲ್ಲಿ ಅಮ್ಮ ಹಾಸ್ಟೆಲ್ಲಿಗೆ ಫೋನು ಮಾಡಿದಳು. ಊರಿನ ಸುದ್ದಿಯೆಲ್ಲ ಮುಗಿದ ಮೇಲೆ, ಮರೆತ ಹಾಗೆ ಹೇಳಿದಳು. "ಸಾಹೇಬ್ರು ಬೇಲಿ ಹತ್ರ ಬಂದಿದ್ರು. ಕೂಸು ಈ ವಾರ ಊರಿಗೆ ಬತ್ತಾ ಕೇಳಿದ್ರು. ಎಂತಕ್ಕೆ ಹೇಳಿ ಹೇಳಿದ್ವಿಲ್ಲೆ. ಒಂದ್ಸಲ ಬಂದ್ಹೋಗೆ."

"ಪರೀಕ್ಷೆ ಇದ್ದು. ಮುಂದಿನ ತಿಂಗ್ಳು ನೋಡ್ತೆ" ಅಂದೆ.

ಪರೀಕ್ಷೆ ಇತ್ತು, ಆದರೆ ದೊಡ್ಡದೇನಲ್ಲ. ಧಾರವಾಡದಿಂದ ಯಲ್ಲಾಪುರ ಬಸ್ಸಿಗೆ ಅರ್ಧ ದಿನವೂ ಅಲ್ಲ. ನನಗಿದ್ದದ್ದು ಅಳುಕು. ಮತ್ತೆ ಡೋಲಿನ ಬಗ್ಗೆ ಕೇಳಿದರೆ, ಈ ಸಲ ಹೂಂ ಎನ್ನಲು ಆಗುವುದಿಲ್ಲವೆಂದು ಗೊತ್ತಿತ್ತು. ಎರಡು ದಿನ ಬಿಟ್ಟು ಅಮ್ಮ ಇನ್ನೊಮ್ಮೆ ಮಾಡಿದಳು, ಸಾಹೇಬರು ಮತ್ತೆ ಕೇಳಿದರೆಂದು. ಆಗಲೂ ಹೋಗಲಿಲ್ಲ. ಮುಂದಿನ ತಿಂಗಳೂ ಹೋಗಲಿಲ್ಲ.

ಆಮೇಲೆ ಅಪ್ಪನಿಗೆ ಮತ್ತೆ ವರ್ಗವಾಯಿತು, ಯಲ್ಲಾಪುರದ ಮನೆ ಬಿಟ್ಟೆವು. ನನಗೆ ಸಿದ್ದಾಪುರದಲ್ಲಿ ಕೆಲಸ ಸಿಕ್ಕ ವರ್ಷವೇ ಸಾಹೇಬರು ತೀರಿಕೊಂಡ ಸುದ್ದಿ ಬಂತು. ಒಂದು ವಾರ ತಡವಾಗಿ ಹೋಗಿ ಚಾಚಿಯನ್ನು ಕಂಡು ಬಂದೆ. ಅಂಗಡಿ ಕೋಣೆಗೆ ಬೀಗ ಹಾಕಿತ್ತು. ಚಾಚಿ ಚಹಾ ಕೊಟ್ಟು, "ನಿನ್ನ ನೆನೆಸ್ತಿದ್ರು" ಎಂದರು. ಏನು ನೆನೆಸುತ್ತಿದ್ದರು ಎಂದು ಕೇಳದೆ ಲೋಟ ಎತ್ತಿಕೊಂಡೆ. ಚಹಾ ಬಿಸಿಯಾಗಿತ್ತು...

ನನ್ನ ಮಕ್ಕಳಿಗೆ, ಎಂದರೆ ಕಾಲೇಜಿನ ಮಕ್ಕಳಿಗೆ, ಈಗ ಎಲ್ಲವೂ ಫೋನಿನಲ್ಲಿದೆ. ಪ್ರಯೋಗಶಾಲೆಯಲ್ಲಿ ಲೋಲಕ ಆಡಿಸಿ ಗುರುತ್ವ ಅಳೆಯಲು ಹೇಳಿದರೆ, ಇಡೀ ತರಗತಿಗೆ ಒಂದೇ ಉತ್ತರ ಬರುತ್ತದೆ, ಪುಸ್ತಕದಲ್ಲಿದ್ದದ್ದೇ. ಯಾರ ಕೈಯೂ ನಡುಗಿರುವುದಿಲ್ಲ, ಯಾರ ಗಡಿಯಾರವೂ ತಪ್ಪಿರುವುದಿಲ್ಲ. ನಾನು ಬೈಯುವುದಿಲ್ಲ. ಕಚ್ಚಾ ಪುಸ್ತಕ ತೋರಿಸಿ, ಹೊಡೆದು ಹಾಕಿದ್ದು ಎಲ್ಲಿದೆ, ಪಕ್ಕದಲ್ಲಿ ಯಾರಿದ್ದರು ಎಂದಷ್ಟೇ ಕೇಳುತ್ತೇನೆ. ನನ್ನ ಹಿಂದಿನಿಂದ ಅವರು ನನಗೆ ಒಂದು ಅಡ್ಡಹೆಸರು ಇಟ್ಟಿದ್ದಾರಂತೆ, 'ಸಾಕ್ಷಿ ಮೇಡಂ' ಎಂದು. ಅದು ಕಿವಿಗೆ ಬಿದ್ದ ದಿನ ನನಗೆ ಸರಿಯಾಗಿ ಪಾಠ ಮಾಡಲಾಗಲಿಲ್ಲ.

ಡಬ್ಬಿ ಬಂದ ಮೂರನೆಯ ದಿನ ನೋಟ್‌ಬುಕ್ ತೆರೆದೆ. ಮೊದಲು ಹುಡುಕಿದ್ದು ನನ್ನ ಕಾರ್ಡಿನ ದಿನ. ಕಾರ್ಡು ನನ್ನ ಹತ್ತಿರ ಇನ್ನೂ ಇತ್ತು, ಅಂಕಪಟ್ಟಿಗಳ ಫೈಲಿನಲ್ಲಿ. ಅದನ್ನು ಪಕ್ಕದಲ್ಲಿಟ್ಟುಕೊಂಡು ಪುಟ ಮಗುಚಿದೆ, ಅವತ್ತು ಅವರು ಮಗುಚಿದ ಹಾಗೆ. ಸಿಕ್ಕಿತು. ಅದು ದೀಪಾವಳಿ ರಜೆಯ ಒಂದು ದಿನ. ಕಾರ್ಡಿನಲ್ಲಿದ್ದ ಅದೇ ಹೊತ್ತು, ಅದೇ ತರಂಗ. ಮುಂದೆ ಅವರ ದುಂಡನೆಯ ಅಕ್ಷರ: 'ಕೇಳಿಸಲಿಲ್ಲ. ಸಾಕ್ಷಿ: ಹುಡುಗಿ.'

ನಾನು ಸಿರ್ಸಿಯಲ್ಲಿರಲಿಲ್ಲ. ಆ ಹೊತ್ತಿಗೆ ಯಲ್ಲಾಪುರದಲ್ಲಿ, ಅವರ ಪಕ್ಕದ ಸ್ಟೂಲಿನ ಮೇಲೆ ಕೂತು, ಅವರ ಜೊತೆಯಲ್ಲೇ ಏನೂ ಕೇಳಿಸದೆ ಎದ್ದು ಬಂದಿದ್ದೆ. ಅದನ್ನು ನಾನು ಮರೆತಿದ್ದೆ. ಕಾರ್ಡು ಕೈಗೆ ಬಂದ ನಿಮಿಷದಲ್ಲೇ ಅವರಿಗೆ ಎಲ್ಲವೂ ತಿಳಿದಿತ್ತು. ಆದರೂ ಒಂದು ಮಾತು ಆಡಲಿಲ್ಲ. ಹೊಟ್ಟೆಕಿಚ್ಚು ಎಂದು ನಾನು ಅಂದುಕೊಂಡದ್ದನ್ನು ನೆನೆದು, ಒಬ್ಬಳೇ ಇದ್ದ ಮನೆಯಲ್ಲೂ ಮುಖ ಮುಚ್ಚಿಕೊಂಡೆ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಮುಂದಿನ ಪುಸ್ತಕವನ್ನೂ ತೆರೆದೆ. ಧಾರವಾಡದ ಆ ಚಳಿಗಾಲದ ಪುಟಗಳು. ದಿನವೂ 'ಕೇಳಿಸಲಿಲ್ಲ', 'ಕೇಳಿಸಲಿಲ್ಲ'. ಆಮೇಲೆ ಒಂದು ಸಂಜೆ, ಅಕ್ಷರ ಸ್ವಲ್ಪ ಓರೆಯಾಗಿದೆ: 'ಕೇಳಿಸಿತು. ಇಪ್ಪತ್ತಾರು ನಿಮಿಷ. ಡೋಲು ಸ್ಪಷ್ಟ. ಹುಡುಗಿಗೆ ಹೇಳಿ ಕಳಿಸಿದೆ.' ಮರುದಿನ: 'ಕೇಳಿಸಿತು. ಹುಡುಗಿ ಬರಲಿಲ್ಲ.' ಅದರ ಮರುದಿನ, ಅದರ ಮರುದಿನವೂ ಅದೇ. ಒಟ್ಟು ಒಂಬತ್ತು ಸಂಜೆ. ಹತ್ತನೆಯ ದಿನದಿಂದ ಮತ್ತೆ 'ಕೇಳಿಸಲಿಲ್ಲ'. ಕೊನೆಯ ನೋಟ್‌ಬುಕ್ಕಿನ ಕೊನೆಯ ಪುಟದವರೆಗೂ ದ್ವೀಪ ಮತ್ತೆ ಕೇಳಿಸಿಲ್ಲ.

ಆ ಒಂಬತ್ತು ದಿನಗಳ ಎದುರಿಗೆ ವರದಿ ಕಳಿಸಿದ ಕಾಲಂ ಖಾಲಿ. ಕಟ್ಟುಗಳಲ್ಲಿ ದ್ವೀಪದ ಕಾರ್ಡು ಇಲ್ಲ. ಇಪ್ಪತ್ತಾರು ನಿಮಿಷ ಸಾಕಿತ್ತು, ಅವರ ಹಳೆಯ ಇಂಗ್ಲಿಷ್ ಪತ್ರವೂ ಸಾಕಿತ್ತು. ಯಾಕೆ ಕಳಿಸಲಿಲ್ಲವೆಂದು ಎಲ್ಲೂ ಬರೆದಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿ, ನಿಜವಾಗಿ ಕೇಳಿಸಿ, ನನ್ನ ಕೈಯಲ್ಲೇ ಒಂದು ನಿಜವಾದ ವರದಿ ಬರೆಸಬೇಕೆಂದಿದ್ದರು ಎಂದು ನನಗೆ ಅನಿಸುತ್ತದೆ. ಆದರೆ ಅದು ನನ್ನ ಅನಿಸಿಕೆ. ಅವರ ಬಾಯಿಂದ ಕೇಳಿಸಿದ್ದಲ್ಲ.

ಆ ದ್ವೀಪದ ಕೇಂದ್ರ ಈಗ ಆ ತರಂಗದಲ್ಲಿ ಇಲ್ಲ. ಫೋನಿನಲ್ಲಿ ಒತ್ತಿದರೆ ಬರುತ್ತದೆ, ಹಗಲು ರಾತ್ರಿ, ಪಕ್ಕದ ಮನೆಯಷ್ಟು ಸ್ಪಷ್ಟವಾಗಿ. ಒಮ್ಮೆ ಒತ್ತಿ, ಡೋಲು ಶುರುವಾಗುವ ಮೊದಲೇ ನಿಲ್ಲಿಸಿದೆ. ಕಾರ್ಡಿನ ಮೇಲಿನ ನನ್ನ ಹೆಸರಿಗೆ ಅಡ್ಡಗೆರೆ ಎಳೆದು, ಕೆಳಗೆ 'ಕೇಳಿಸಲಿಲ್ಲ' ಎಂದು ಬರೆದು, ಡಬ್ಬಿಯೊಳಗೆ ಎಲ್ಲದರ ತಳಕ್ಕೆ ಇಟ್ಟಿದ್ದೇನೆ.

ಒಂದು ಮಾತ್ರ ನನ್ನನ್ನು ಬಿಡುತ್ತಿಲ್ಲ. ಆ ಒಂಬತ್ತು ಸಂಜೆ, ಮಗ್ರಿಬ್ ಮುಗಿದ ಹೊತ್ತಿಗೆ, ಧಾರವಾಡದಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಮೆಸ್ಸಿನಲ್ಲಿ ಚಹಾ ಕುಡಿಯುತ್ತಿದ್ದೆನೋ, ಕಂಪ್ಯೂಟರ್ ಮುಂದೆ ಸರದಿಗೆ ಕಾಯುತ್ತಿದ್ದೆನೋ... ಒಂದು ಸಂಜೆಯೂ ನೆನಪಿಗೆ ಬರುವುದಿಲ್ಲ. ಅವರ ಸಂಜೆಗಳು ಒಂದೊಂದೂ ಪುಸ್ತಕದಲ್ಲಿವೆ. ನಾನು ಬರೆದಿಟ್ಟವಳಲ್ಲ.